ಗೋದಲಿ ಮತ್ತು ಗಲ್ಲಾಪೆಟ್ಟಿಗೆ

1843ರ ಡಿಸೆಂಬರ್‌ನಲ್ಲಿ ಲಂಡನ್ನಿನ ಅಂಗಡಿಗಳಿಗೆ ಎರಡು ಹೊಸ ಸರಕುಗಳು ಬಂದವು. ಒಂದು, ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’. ಡಿಸೆಂಬರ್ 19ರಂದು ಹೊರಬಂದ ಈ ಪುಟ್ಟ ಪುಸ್ತಕದ ಬೆಲೆ ಐದು ಶಿಲಿಂಗ್. ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬದ ಮುನ್ನಾದಿನದ ಹೊತ್ತಿಗೇ ಮುಗಿದುಹೋಗಿದ್ದವು. ಇನ್ನೊಂದು, ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿ ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿಯ ಕೈಯಲ್ಲಿ ಬರೆಸಿ, ಒಂದಕ್ಕೆ ಒಂದು ಶಿಲಿಂಗಿನಂತೆ ಮಾರಾಟಕ್ಕಿಟ್ಟ ಶುಭಾಶಯ ಪತ್ರ. ಮಾರುವುದಕ್ಕೆಂದೇ ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡ್ ಅದು. ಅದರ ನಡುಭಾಗದಲ್ಲಿ ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಇಡೀ ಕುಟುಂಬ ದ್ರಾಕ್ಷಾರಸದ ಬಟ್ಟಲು ಎತ್ತಿ ಸಂಭ್ರಮಿಸುತ್ತಿದೆ. ಎಡಬಲದ ಕಿರಿದಾದ ಪಟ್ಟಿಗಳಲ್ಲಿ ಹಸಿದವರಿಗೆ ಊಟ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವ ಚಿತ್ರಗಳಿವೆ. ದನದ ಕೊಟ್ಟಿಗೆಯಾಗಲಿ, ಅಲ್ಲಿ ಹುಟ್ಟಿದ ಕೂಸಾಗಲಿ ಆ ಕಾರ್ಡಿನಲ್ಲಿ ಇಲ್ಲ.

ಕ್ರಿಸ್‌ಮಸ್ ವ್ಯಾಪಾರವಾಗಿಬಿಟ್ಟಿದೆ ಎಂಬ ಮಾತು ಪ್ರತಿ ಡಿಸೆಂಬರ್‌ನಲ್ಲೂ ಕೇಳಿಬರುತ್ತದೆ. ಹೇಳುವವರಲ್ಲಿ ಪಾದ್ರಿಗಳಿದ್ದಾರೆ, ಅರ್ಥಶಾಸ್ತ್ರಜ್ಞರಿದ್ದಾರೆ, ತಿಂಗಳ ಕೊನೆಯಲ್ಲಿ ಕ್ರೆಡಿಟ್ ಕಾರ್ಡಿನ ಬಿಲ್ಲು ಹಿಡಿದು ಕೂತ ತಂದೆತಾಯಿಯರೂ ಇದ್ದಾರೆ. ಹಿಂದೊಮ್ಮೆ ಹಬ್ಬ ಶುದ್ಧವಾಗಿತ್ತು, ಆಮೇಲೆ ವ್ಯಾಪಾರಿಗಳು ಬಂದು ಕೆಡಿಸಿದರು ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಚರಿತ್ರೆಯನ್ನು ತೆರೆದು ನೋಡಿದರೆ ಅಂಥ ಶುದ್ಧ ಕಾಲ ಸಿಗುವುದಿಲ್ಲ. ಆದರೂ ದೂರು ಸುಳ್ಳಲ್ಲ. ಏನು ಕಳೆದುಹೋಗಿದೆ ಎಂಬುದನ್ನು ನಾವು ಸರಿಯಾಗಿ ಗುರುತಿಸಿಲ್ಲ, ಅಷ್ಟೆ. ಖರ್ಚು ಹೆಚ್ಚಾಯಿತೆಂಬುದಕ್ಕಿಂತ, ಕೊಡುವ ಕೈ ಯಾವ ಕಡೆಗೆ ಚಾಚುತ್ತದೆ ಎಂಬುದು ಬದಲಾಯಿತು. ಈ ಸಮೀಕ್ಷೆಯ ಉದ್ದಕ್ಕೂ ನಾನು ಹಿಂಬಾಲಿಸುವುದು ಆ ಬದಲಾವಣೆಯನ್ನು.

ಸುವಾರ್ತೆಗಳು ಹೇಳುವುದೇನು

ನಾಲ್ಕು ಸುವಾರ್ತೆಗಳ ಪೈಕಿ ಯೇಸುವಿನ ಹುಟ್ಟಿನ ಕಥೆ ಇರುವುದು ಮತ್ತಾಯ ಮತ್ತು ಲೂಕ ಈ ಎರಡರಲ್ಲಿ ಮಾತ್ರ. ಮಾರ್ಕ ಆ ವಿಷಯವನ್ನೇ ಎತ್ತುವುದಿಲ್ಲ. ಯೋಹಾನನು ದೇವರ ವಾಕ್ಯ ನರದೇಹ ಧರಿಸಿದ್ದರ ತತ್ತ್ವವನ್ನು ಹೇಳುತ್ತಾನೆಯೇ ಹೊರತು ಹೆರಿಗೆಯ ವಿವರಕ್ಕೆ ಹೋಗುವುದಿಲ್ಲ. ತಿಂಗಳು, ತಾರೀಕು ಯಾವ ಸುವಾರ್ತೆಯಲ್ಲೂ ಇಲ್ಲ.

ಲೂಕನ ಕಥೆ ಶುರುವಾಗುವುದು ಸರ್ಕಾರದ ಲೆಕ್ಕದ ಪುಸ್ತಕದಿಂದ. ರೋಮಿನ ಚಕ್ರವರ್ತಿ ಔಗುಸ್ತ ಜನಗಣತಿಗೆ ಆಜ್ಞೆ ಹೊರಡಿಸುತ್ತಾನೆ. ಗರ್ಭಿಣಿ ಮರಿಯಳು ಮತ್ತು ಬಡಗಿ ಯೋಸೇಫ ಊರು ಬಿಟ್ಟು ಬೆತ್ಲೆಹೇಮಿಗೆ ನಡೆಯುತ್ತಾರೆ. ತಂಗಲು ಜಾಗ ಸಿಗುವುದಿಲ್ಲ. ಹುಟ್ಟಿದ ಮಗುವನ್ನು ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸುತ್ತಾರೆ. ಸುದ್ದಿ ಮೊದಲು ತಲುಪುವುದು ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಇದಕ್ಕೂ ಮುಂಚೆ ಮರಿಯಳು ಹಾಡುವ ಸ್ತುತಿಗೀತೆಯೊಂದು ಬರುತ್ತದೆ. ಹಸಿದವರ ಹೊಟ್ಟೆ ತುಂಬುವ, ಸಿರಿವಂತರನ್ನು ಬರಿಗೈಯಲ್ಲಿ ಕಳಿಸುವ, ಗದ್ದುಗೆಯಲ್ಲಿ ಕೂತವರನ್ನು ಕೆಳಗಿಳಿಸುವ ದೇವರನ್ನು ಆ ಬಡ ಹುಡುಗಿ ಕೊಂಡಾಡುತ್ತಾಳೆ.

ಮತ್ತಾಯನಲ್ಲಿ ಉಡುಗೊರೆಗಳಿವೆ. ಮೂಡಣ ದೇಶದ ಜೋಯಿಸರು ಚಿನ್ನ, ಧೂಪ, ರಕ್ತಬೋಳ ತರುತ್ತಾರೆ. ಕ್ರಿಸ್‌ಮಸ್ ಉಡುಗೊರೆಗೆ ಬೈಬಲ್ಲಿನ ಆಧಾರ ಎಂದು ವ್ಯಾಪಾರಿಗಳೂ ಭಕ್ತರೂ ತೋರಿಸುವುದು ಇದನ್ನೇ. ಆದರೆ ಆ ಕಥೆಯನ್ನು ಕೊನೆವರೆಗೆ ಓದಬೇಕು. ಉಳ್ಳವರು ತಂದದ್ದನ್ನು ಏನೂ ಇಲ್ಲದ ಮನೆಯ ಕೂಸಿಗೆ ಕೊಟ್ಟು, ಮರಳಿ ಏನನ್ನೂ ಪಡೆಯದೆ ಬೇರೆ ದಾರಿ ಹಿಡಿದು ಹೋಗುತ್ತಾರೆ. ಅದರ ಬೆನ್ನಿಗೇ ಕೂಸಿನ ಕುಟುಂಬ ರಾತ್ರೋರಾತ್ರಿ ಐಗುಪ್ತಕ್ಕೆ ಓಡಿ ನಿರಾಶ್ರಿತವಾಗುತ್ತದೆ. ಹೆರೋದ ಅರಸ ಮಕ್ಕಳನ್ನು ಕೊಲ್ಲಿಸುತ್ತಾನೆ.

ದೇವರು ಮನುಷ್ಯನಾಗಿ ಹುಟ್ಟಿದ, ಅದೂ ನಿರ್ಗತಿಕರ ನಡುವೆ ಹುಟ್ಟಿದ ಎಂಬುದು ಕ್ರೈಸ್ತ ನಂಬಿಕೆಯ ತಿರುಳು. ಐಶ್ವರ್ಯವಂತನಾಗಿದ್ದವನು ನಮಗಾಗಿ ಬಡವನಾದ ಎಂದು ಸಂತ ಪೌಲ ಕೊರಿಂಥದವರಿಗೆ ಬರೆದದ್ದು ಸುಮ್ಮನೆ ತತ್ತ್ವ ಹೇಳಲಿಕ್ಕಲ್ಲ. ಯೆರೂಸಲೇಮಿನ ಬಡವರಿಗಾಗಿ ಚಂದಾ ಎತ್ತುವಾಗ ಬರೆದ ಮಾತು ಅದು. ಹುಟ್ಟಿನ ಅರ್ಥಕ್ಕೂ ಹಣದ ಚಲನೆಗೂ ಸಂಬಂಧವಿದೆ ಎಂಬುದನ್ನು ಮೊದಲ ಶತಮಾನದ ಕ್ರೈಸ್ತ ಸಭೆಗಳೇ ಕಂಡುಕೊಂಡಿದ್ದವು.

ಹಬ್ಬದಷ್ಟೇ ಹಳೆಯ ದೂರು

ಡಿಸೆಂಬರ್ 25ರಂದು ಕ್ರಿಸ್ತ ಜನನವನ್ನು ಆಚರಿಸಿದ್ದಕ್ಕೆ ಸಿಗುವ ಅತಿ ಹಳೆಯ ದಾಖಲೆ ರೋಮಿನದು. 354ರ ಪಂಚಾಂಗವೊಂದು 336ರ ಹೊತ್ತಿನ ಆಚರಣೆಯನ್ನು ಸೂಚಿಸುತ್ತದೆ. ಆ ತಾರೀಕು ಏಕೆ ಎಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಸೂರ್ಯಾರಾಧನೆಯ ದಿನವನ್ನು ಸಭೆ ತನ್ನದಾಗಿಸಿಕೊಂಡಿತು ಎಂಬುದು ಒಂದು ವಾದ. ಮಾರ್ಚ್ 25ರಂದು ಗರ್ಭಧಾರಣೆ ಎಂದಿಟ್ಟು ಒಂಬತ್ತು ತಿಂಗಳು ಎಣಿಸಿದರು ಎಂಬುದು ಇನ್ನೊಂದು. ಆರ್ಮೇನಿಯದ ಸಭೆ ಇಂದಿಗೂ ಜನವರಿ 6ರಂದೇ ಈ ಹಬ್ಬ ಮಾಡುತ್ತದೆ. ಅದೇ ಡಿಸೆಂಬರ್‌ನಲ್ಲಿ ರೋಮನ್ನರ ಸ್ಯಾಟರ್ನೇಲಿಯ ಹಬ್ಬವಿತ್ತು, ಅದರ ಬೆನ್ನಿಗೆ ಜನವರಿಯ ಹೊಸವರ್ಷದ ಕಾಣಿಕೆಗಳಿದ್ದವು. ಹೀಗಾಗಿ ತಿನ್ನುವುದು, ಕುಡಿಯುವುದು, ಕೊಡುವುದು ಕ್ರಿಸ್‌ಮಸ್‌ಗಿಂತ ಮೊದಲೇ ಆ ಋತುವಿನಲ್ಲಿ ಬೇರುಬಿಟ್ಟಿದ್ದವು.

ದೂರು ಕೂಡ ಕೂಡಲೇ ಶುರುವಾಯಿತು. 380ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಜಿಯಾನ್ಸಸ್‌ನ ಗ್ರೆಗೊರಿ ಈ ಹಬ್ಬದಂದು ಮಾಡಿದ ಉಪದೇಶ ಉಳಿದುಬಂದಿದೆ. ಬೀದಿ ಸಿಂಗರಿಸಬೇಡಿ, ಅತಿಯಾಗಿ ಉಣ್ಣಬೇಡಿ, ನೆರೆಯವರು ಹಸಿದಿರುವಾಗ ಒಬ್ಬರಿಗಿಂತ ಒಬ್ಬರು ಮಿಗಿಲಾಗಿ ಮೆರೆಯಬೇಡಿ ಎಂಬುದು ಅದರ ಸಾರ. ಇಪ್ಪತ್ತು ವರ್ಷದ ನಂತರ, 400ರ ಜನವರಿ ಒಂದರಂದು, ಅಮಾಸಿಯದ ಬಿಷಪ್ ಅಸ್ಟೀರಿಯಸ್ ಹೊಸವರ್ಷದ ಕಾಣಿಕೆಗಳ ವಿರುದ್ಧ ಮಾತಾಡಿದ. ಕೊಟ್ಟವನಿಗೆ ಹಣ ಹೋಯಿತೆಂಬ ಸಂಕಟ, ಪಡೆದವನ ಕೈಯಲ್ಲೂ ಅದು ನಿಲ್ಲದೆ ಅವನಿಗಿಂತ ಮೇಲಿನವನಿಗೆ ಸಲ್ಲುತ್ತದೆ, ಹಳ್ಳಿಯಿಂದ ಪಟ್ಟಣಕ್ಕೆ ಬಂದ ರೈತ ದೋಚಿಸಿಕೊಂಡು ಹಿಂದಿರುಗುತ್ತಾನೆ ಎಂದು ಆತ ಬಿಡಿಸಿ ತೋರಿಸಿದ. ಕಾಣಿಕೆ ಕೆಳಗಿನಿಂದ ಮೇಲಕ್ಕೆ ಹರಿಯುತ್ತಿದೆ ಎಂಬುದೇ ಅವನ ಆಕ್ಷೇಪ.

ಮಧ್ಯಯುಗದಲ್ಲಿ ಈ ಹರಿವನ್ನು ಮತ್ತೆ ಕೆಳಮುಖ ಮಾಡಲು ಹವಣಿಸಿದವನು ಅಸಿಸಿಯ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅವನು ಎತ್ತು, ಕತ್ತೆ, ಹುಲ್ಲು ತರಿಸಿ ಗೋದಲಿಯ ದೃಶ್ಯವನ್ನು ಜನರ ಕಣ್ಣೆದುರು ನಿಲ್ಲಿಸಿದ. ಇಂದು ಲೋಕದ ಚರ್ಚುಗಳಲ್ಲೆಲ್ಲ ಕಾಣುವ ಗೋದಲಿಯ ಸಂಪ್ರದಾಯ ಹರಡಿದ್ದು ಅಲ್ಲಿಂದ. ಅವನ ಜೀವನಚರಿತ್ರೆ ಬರೆದ ಚೆಲಾನೊದ ಥಾಮಸ್ ಇನ್ನೊಂದು ಸಂಗತಿ ದಾಖಲಿಸಿದ್ದಾನೆ. ಆ ದಿನ ಶ್ರೀಮಂತರು ಬಡವರ ಹೊಟ್ಟೆ ತುಂಬಿಸಬೇಕು, ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಸಿಗಬೇಕು ಎಂದು ಫ್ರಾನ್ಸಿಸ್ ಬಯಸುತ್ತಿದ್ದ. ಚಕ್ರವರ್ತಿಯನ್ನು ಕಾಣುವ ಅವಕಾಶ ಸಿಕ್ಕರೆ, ಹಕ್ಕಿಗಳಿಗಾಗಿ ದಾರಿಯಲ್ಲಿ ಕಾಳು ಚೆಲ್ಲುವ ಕಾನೂನು ಮಾಡೆಂದು ಬೇಡಿಕೊಳ್ಳುತ್ತೇನೆ ಎನ್ನುತ್ತಿದ್ದ. ವೈರಾಗ್ಯವನ್ನೇ ಬಾಳಿದ ಆ ಸಂತ ಕ್ರಿಸ್‌ಮಸ್ ದಿನ ಉಪವಾಸವನ್ನು ಹೇಳಲಿಲ್ಲ. ಎಲ್ಲರಿಗೂ ಊಟವಿರಲಿ ಎಂದ.

ಚರ್ಚಿನ ಪಕ್ಕದಲ್ಲೇ ಸಂತೆಯೂ ಇತ್ತು. ಜರ್ಮನಿಯ ಡ್ರೆಸ್ಡೆನ್ನಿನ ಕ್ರಿಸ್‌ಮಸ್ ಸಂತೆಯ ದಾಖಲೆ 1434ರಷ್ಟು ಹಿಂದಕ್ಕೆ ಹೋಗುತ್ತದೆ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸ ಮುಗಿಸುವ ಜನರಿಗೆ ಹಬ್ಬದೂಟದ ಮಾಂಸ ಮಾರುವ ಸಂತೆಯಾಗಿ ಅದು ಹುಟ್ಟಿತು. ಉಪವಾಸವೂ ಸಂತೆಯೂ ಒಂದೇ ಪಂಚಾಂಗಕ್ಕೆ ಕಟ್ಟುಬಿದ್ದಿದ್ದ ಕಾಲ ಅದು.

ಹದಿನೇಳನೇ ಶತಮಾನದ ಇಂಗ್ಲೆಂಡಿನ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರಾಟೆಸ್ಟಂಟರು ಇದನ್ನೆಲ್ಲ ಬುಡಸಮೇತ ಕಿತ್ತುಹಾಕಲು ಹೊರಟರು. ಬೈಬಲ್ಲಿನಲ್ಲಿ ಇಲ್ಲದ ತಾರೀಕು, ಜೊತೆಗೆ ಕುಡಿತ, ಜೂಜು, ಗಲಾಟೆ ಎಂಬುದು ಅವರ ಕಾರಣ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಹಬ್ಬವನ್ನು ರದ್ದು ಮಾಡಿತು. ಆ ವರ್ಷದ ಕ್ರಿಸ್‌ಮಸ್‌ನಂದು ಅಂಗಡಿ ತೆರೆಯಿರೆಂಬ ಆಜ್ಞೆಯ ವಿರುದ್ಧ ಕ್ಯಾಂಟರ್‌ಬರಿಯಲ್ಲಿ ಜನ ದಂಗೆಯೆದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು 1659ರಲ್ಲಿ ಹಬ್ಬ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಹಾಕಿತು. ಆ ಕಾನೂನು 1681ರವರೆಗೆ ಇತ್ತು. ಸ್ಕಾಟ್ಲೆಂಡಿನಲ್ಲಂತೂ ಕ್ರಿಸ್‌ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಹಬ್ಬವನ್ನೇ ತೆಗೆದುಹಾಕಿದರೆ ನಂಬಿಕೆ ಶುದ್ಧವಾಗುತ್ತದೆ ಎಂಬ ಈ ಪ್ರಯೋಗ ಸೋತಿತು. ಬಡವರಿಗೆ ವರ್ಷಕ್ಕೊಮ್ಮೆ ಸಿಗುತ್ತಿದ್ದ ಬಿಡುವನ್ನೂ ಊಟವನ್ನೂ ಅದು ಕಸಿದುಕೊಂಡಿತ್ತು.

ಬೀದಿಯಿಂದ ಒಳಮನೆಗೆ

ಇಂದಿನ ಕ್ರಿಸ್‌ಮಸ್ ರೂಪುಗೊಂಡದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಮುಖ್ಯವಾಗಿ ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ. ಇತಿಹಾಸಕಾರ ಸ್ಟೀಫನ್ ನಿಸೆನ್‌ಬಾಮ್ 1996ರಲ್ಲಿ ಪ್ರಕಟಿಸಿದ ‘ದ ಬ್ಯಾಟಲ್ ಫಾರ್ ಕ್ರಿಸ್‌ಮಸ್’ ಈ ಬದಲಾವಣೆಯನ್ನು ಚೆನ್ನಾಗಿ ವಿವರಿಸುತ್ತದೆ. ಅದಕ್ಕೂ ಹಿಂದಿನ ಯುರೋಪಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಚಳಿಗಾಲದಲ್ಲಿ ಆಳುಗಳು, ಕೂಲಿಗಳು ಗುಂಪುಗಟ್ಟಿ ಹಾಡುತ್ತ ಜಮೀನ್ದಾರನ ಬಾಗಿಲಿಗೆ ಬರುತ್ತಿದ್ದರು. ಊಟ, ಮದ್ಯ, ಕಾಸು ಕೊಡುವುದು ಅವನ ಹೊಣೆ. ಕೊಡದಿದ್ದರೆ ಬೈಗುಳ ತಪ್ಪುತ್ತಿರಲಿಲ್ಲ. ಒರಟಾದ ಪದ್ಧತಿಯೇ ಆದರೂ ಅಲ್ಲಿ ಉಳ್ಳವನಿಂದ ಇಲ್ಲದವನಿಗೆ ಕೊಡುಗೆ ಹೋಗುತ್ತಿತ್ತು.

ನ್ಯೂಯಾರ್ಕಿನಂಥ ನಗರ ಬೆಳೆದು, ಆಳು ಒಡೆಯರು ಒಬ್ಬರಿಗೊಬ್ಬರು ಅಪರಿಚಿತರಾದಾಗ ಬಾಗಿಲು ಬಡಿಯುವ ಗುಂಪು ಭಯ ಹುಟ್ಟಿಸತೊಡಗಿತು. ಮೇಲ್ವರ್ಗದ ಕುಟುಂಬಗಳು ಹಬ್ಬವನ್ನು ಒಳಮನೆಗೆ ಎಳೆದುಕೊಂಡವು. 1823ರ ಡಿಸೆಂಬರ್ 23ರಂದು ಟ್ರಾಯ್ ಪಟ್ಟಣದ ಪತ್ರಿಕೆಯೊಂದರಲ್ಲಿ ಸಂತ ನಿಕೊಲಾಸನ ಭೇಟಿಯ ಕುರಿತ ಪದ್ಯ ಬಂತು. ಹಿಮಸಾರಂಗದ ಗಾಡಿಯಲ್ಲಿ ಬಂದು ಮಕ್ಕಳ ಕಾಲುಚೀಲ ತುಂಬಿ ಹೋಗುವ ಅಜ್ಜನ ಚಿತ್ರ ಅದರಿಂದ ಮನೆಮಾತಾಯಿತು. ಈಗ ಪಡೆಯುವವರು ಬಡವರಲ್ಲ, ಸ್ವಂತ ಮಕ್ಕಳು. ನಾಲ್ಕನೇ ಶತಮಾನದ ಮೈರಾ ಪಟ್ಟಣದ ಬಿಷಪ್ ನಿಕೊಲಾಸ್, ವರದಕ್ಷಿಣೆಗೆ ಗತಿಯಿಲ್ಲದ ಮೂವರು ಹುಡುಗಿಯರ ಮನೆಗೆ ಗುಟ್ಟಾಗಿ ಹೊನ್ನಿನ ಗಂಟು ಎಸೆದನೆಂಬ ಐತಿಹ್ಯವಿದೆ. ಅದೇ ಹೆಸರಿನ ಅಜ್ಜ ಈಗ ಸ್ಥಿತಿವಂತರ ಮಕ್ಕಳಿಗೆ ಆಟಿಕೆ ಹೊರತೊಡಗಿದ.

ಚಿತ್ರಕಾರ ಥಾಮಸ್ ನ್ಯಾಸ್ಟ್ 1863ರಿಂದ ‘ಹಾರ್ಪರ್ಸ್ ವೀಕ್ಲಿ’ಗೆ ಬರೆದ ಚಿತ್ರಗಳಲ್ಲಿ ಈ ಅಜ್ಜನಿಗೆ, ಅಂದರೆ ಸಾಂತಾ ಕ್ಲಾಸ್‌ನಿಗೆ ದಪ್ಪ ಹೊಟ್ಟೆ, ಬಿಳಿ ಗಡ್ಡ ಬಂದವು. ಕೋಕಾ-ಕೋಲಾಕ್ಕಾಗಿ ಹ್ಯಾಡನ್ ಸಂಡ್‌ಬ್ಲಾಮ್ 1931ರಿಂದ ಬರೆದ ಜಾಹೀರಾತು ಚಿತ್ರಗಳು ಆ ರೂಪವನ್ನು ಜಗತ್ತಿಗೆ ಹರಡಿದವು. ಕೆಂಪು ಅಂಗಿಯನ್ನು ಆ ಕಂಪನಿಯೇ ಹುಟ್ಟುಹಾಕಿತೆಂಬ ಜನಪ್ರಿಯ ಮಾತು ಮಾತ್ರ ನಿಜವಲ್ಲ. 1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ವಿಕ್ಟೋರಿಯಾ ರಾಣಿಯ ಮನೆಯ ಕ್ರಿಸ್‌ಮಸ್ ಮರವನ್ನು ಅಚ್ಚುಮಾಡಿದ ಮೇಲೆ ಜರ್ಮನ್ ಪದ್ಧತಿಯ ಆ ಮರ ಇಂಗ್ಲಿಷ್ ಮನೆಗಳಲ್ಲೂ ನೆಲೆಯೂರಿತು. 1880ರಿಂದ ವೂಲ್ವರ್ತ್ ಅಂಗಡಿಗಳು ಜರ್ಮನಿಯ ಲೌಶಾ ಊರಿನ ಗಾಜಿನ ಗುಂಡುಗಳನ್ನು ಅಮೆರಿಕದಲ್ಲಿ ಮಾರತೊಡಗಿದವು.

ಹೀಗೆಂದು ವ್ಯಾಪಾರಿಗಳೆಲ್ಲ ಧರ್ಮದ ವೈರಿಗಳಾಗಿದ್ದರು ಎನ್ನಲಾಗದು. ಫಿಲಡೆಲ್ಫಿಯಾದಲ್ಲಿ ಬೃಹತ್ ಮಳಿಗೆ ಕಟ್ಟಿದ ಜಾನ್ ವಾನಮೇಕರ್ ಭಾನುವಾರದ ಬೈಬಲ್ ಶಾಲೆಯನ್ನು ದಶಕಗಳ ಕಾಲ ನಡೆಸಿದ ಭಕ್ತ. 1904ರ ಸೇಂಟ್ ಲೂಯಿ ವಸ್ತುಪ್ರದರ್ಶನದ ದೈತ್ಯ ಆರ್ಗನ್ ವಾದ್ಯವನ್ನು ಕೊಂಡುತಂದು 1911ರಲ್ಲಿ ತನ್ನ ಮಳಿಗೆಯ ನಡುಮನೆಯಲ್ಲಿ ನಿಲ್ಲಿಸಿದ. ಮುಂದೆ ಆ ನಡುಮನೆಯನ್ನು ಕ್ರಿಸ್‌ಮಸ್ ಕಾಲದಲ್ಲಿ ಕತೀಡ್ರಲ್ಲಿನಂತೆ ಸಿಂಗರಿಸುವ ರೂಢಿ ಬೆಳೆಯಿತು. ಸಾಮಾನು ಕೊಳ್ಳಲು ಬಂದವರು ನಿಂತು ಭಕ್ತಿಗೀತೆ ಹಾಡಿದರು. ‘ಕನ್ಸ್ಯೂಮರ್ ರೈಟ್ಸ್’ ಪುಸ್ತಕದಲ್ಲಿ ಇತಿಹಾಸಕಾರ ಲೀ ಎರಿಕ್ ಶ್ಮಿಟ್ ಇದನ್ನು ವಿವರವಾಗಿ ಚರ್ಚಿಸಿ, ಅಮೆರಿಕದಲ್ಲಿ ಭಕ್ತಿ ಮತ್ತು ಮಾರುಕಟ್ಟೆ ಒಂದನ್ನೊಂದು ಹುರಿಗೊಳಿಸಿದವು ಎಂದು ತೋರಿಸುತ್ತಾರೆ. ಅವರ ಮಾತು ಒಪ್ಪತಕ್ಕದ್ದೇ. ಆದರೆ ಆ ನಡುಮನೆಯಲ್ಲಿ ಹಾಡಿದವರು ಗಿರಾಕಿಗಳು. ಗಿರಾಕಿಯಾಗಲು ಕಾಸಿಲ್ಲದವರಿಗೆ ಆ ಕತೀಡ್ರಲ್ಲಿನಲ್ಲಿ ಮಾಡಲು ಕೆಲಸವಿರಲಿಲ್ಲ.

ಪಂಚಾಂಗ ಯಾರ ಕೈಯಲ್ಲಿ

ಸಭೆಯ ಲೆಕ್ಕದಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ, ಕಾಯುವ ಕಾಲ. ಆರ್ಥೊಡಾಕ್ಸ್ ಸಭೆಗಳು ನವೆಂಬರ್ 15ರಿಂದ ನಲವತ್ತು ದಿನ ಉಪವಾಸ ಹಿಡಿಯುತ್ತವೆ. ಕೇರಳದ ಸಂತ ಥೋಮಸ್ ಕ್ರೈಸ್ತರು ಡಿಸೆಂಬರ್ ಒಂದರಿಂದ ಇಪ್ಪತ್ತೈದು ದಿನದ ನೋಂಬು ಹಿಡಿಯುತ್ತಾರೆ. ಬೆಂಗಳೂರಿನ ಅನೇಕ ಮಲಯಾಳಿ ಮನೆಗಳಲ್ಲಿ ಮೀನು, ಮಾಂಸ ಆಗ ಒಳಗೆ ಬರುವುದಿಲ್ಲ. 1839ರಲ್ಲಿ ಹ್ಯಾಂಬರ್ಗಿನ ಯೋಹಾನ್ ಹಿನ್ರಿಕ್ ವಿಖೆರ್ನ್ ಎಂಬ ಪಾದ್ರಿ, ತಾನು ಸಾಕುತ್ತಿದ್ದ ಅನಾಥ ಮಕ್ಕಳು ‘ಹಬ್ಬ ಯಾವಾಗ’ ಎಂದು ಕೇಳುತ್ತಿದ್ದುದರಿಂದ ದಿನಕ್ಕೊಂದು ಮೇಣದ ಬತ್ತಿ ಹಚ್ಚುವ ಚಕ್ರ ಮಾಡಿದ. ಆಗಮನ ಕಾಲದ ಹಸಿರು ಮಾಲೆ ಬೆಳೆದದ್ದು ಅದರಿಂದ. ಈ ಲೆಕ್ಕದಲ್ಲಿ ಹಬ್ಬ ಡಿಸೆಂಬರ್ 25ರಂದು ಶುರುವಾಗಿ ಜನವರಿ 6ರವರೆಗೆ ನಡೆಯಬೇಕು.

ಮಾರುಕಟ್ಟೆ ಇದನ್ನು ತಿರುಗಾಮುರುಗಾ ಮಾಡಿತು. ಕಾಯಬೇಕಾದ ದಿನಗಳೇ ಕೊಳ್ಳುವ ದಿನಗಳಾದವು, ಡಿಸೆಂಬರ್ 26ಕ್ಕೆ ಎಲ್ಲ ಮುಗಿಯಿತು. 1939ರಲ್ಲಿ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ನವೆಂಬರ್ 30ರಂದು ಬೀಳುತ್ತಿತ್ತು. ಅದು ಮುಗಿದ ಮೇಲೆಯೇ ಕ್ರಿಸ್‌ಮಸ್ ಖರೀದಿ ಶುರುವಾಗುವ ರೂಢಿಯಾದ್ದರಿಂದ ವ್ಯಾಪಾರದ ದಿನ ಕಡಿಮೆಯಾಗುತ್ತವೆಂದು ಮಳಿಗೆಯವರು ಅಲವತ್ತುಕೊಂಡರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆ ಥ್ಯಾಂಕ್ಸ್‌ಗಿವಿಂಗ್ ದಿನವನ್ನೇ ಒಂದು ವಾರ ಮುಂಚೆಗೆ ತಂದರು. ಅನೇಕ ರಾಜ್ಯಗಳು ಒಪ್ಪಲಿಲ್ಲ. ನವೆಂಬರಿನ ನಾಲ್ಕನೇ ಗುರುವಾರ ಎಂದು 1941ರಲ್ಲಿ ಕಾನೂನಾದ ಮೇಲೆ ಗೊಂದಲ ತೀರಿತು. ಅದೇ 1939ರಲ್ಲಿ ಮಾಂಟ್‌ಗೊಮೆರಿ ವಾರ್ಡ್ ಮಳಿಗೆ, ತನ್ನ ನೌಕರ ರಾಬರ್ಟ್ ಮೇ ಬರೆದ ಕೆಂಪು ಮೂಗಿನ ಸಾರಂಗ ರುಡಾಲ್ಫನ ಕಥೆಯ ಇಪ್ಪತ್ತನಾಲ್ಕು ಲಕ್ಷ ಪ್ರತಿಗಳನ್ನು ಗಿರಾಕಿಗಳಿಗೆ ಬಿಟ್ಟಿ ಹಂಚಿತು. ಇಂದು ಕಾನ್ವೆಂಟಿನ ಮಕ್ಕಳು ಹಾಡುವ ‘ಸಂಪ್ರದಾಯ’ಗಳಲ್ಲಿ ಕೆಲವು ಹೀಗೆ ಜಾಹೀರಾತು ವಿಭಾಗದಲ್ಲಿ ಹುಟ್ಟಿದವು.

ಈ ಕೊಳ್ಳುವ ಕಾಲದ ಭಾರ ಹೊತ್ತವರು ಅಂಗಡಿಯ ಹುಡುಗಿಯರು, ಪಾರ್ಸೆಲ್ ಹೊರುವ ಬಾಲಕರು. ‘ಬೇಗ ಖರೀದಿಸಿ’ ಎಂಬ ಘೋಷಣೆ ಇಂದು ಶುದ್ಧ ಜಾಹೀರಾತಿನಂತೆ ಕೇಳುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದನ್ನು ಎತ್ತಿ ಹಿಡಿದವರು ಫ್ಲಾರೆನ್ಸ್ ಕೆಲಿಯಂಥ ಕಾರ್ಮಿಕ ಹೋರಾಟಗಾರರು. ಕೊನೆಯ ದಿನಗಳ ನೂಕುನುಗ್ಗಲಿನಲ್ಲಿ ನಡುರಾತ್ರಿಯವರೆಗೆ ದುಡಿಯುವ ಹೆಂಗಸರು, ಮಕ್ಕಳ ಬವಣೆ ತಗ್ಗಲಿ ಎಂಬುದು ಅವರ ಉದ್ದೇಶ. 1912ರಲ್ಲಿ ನ್ಯೂಯಾರ್ಕಿನಲ್ಲಿ ನಿಷ್ಪ್ರಯೋಜಕ ಕೊಡುಗೆಗಳನ್ನು ತಡೆಯುವ ಸಂಘವೊಂದು ಹುಟ್ಟಿತು. ತಮ್ಮ ಚಿಕ್ಕ ಸಂಬಳದಿಂದ ಮೇಲಧಿಕಾರಿಗೆ ಉಡುಗೊರೆ ಕೊಡಲು ಚಂದಾ ಕೊಡಲೇಬೇಕಾದ ದುಡಿಯುವ ಹೆಂಗಸರ ಸಂಕಟವೇ ಅದರ ಬೇರು. ಎಲಿನೋರ್ ಬೆಲ್ಮಾಂಟ್, ಆನ್ ಮಾರ್ಗನ್ ಅದರ ಮುಂದಾಳುಗಳಾದರು, ಥಿಯೊಡೋರ್ ರೂಸ್‌ವೆಲ್ಟ್ ಕೂಡ ಸೇರಿದರು. ಅಸ್ಟೀರಿಯಸ್ 400ರಲ್ಲಿ ಕಂಡ ಮೇಲ್ಮುಖದ ಕಾಣಿಕೆ ಹದಿನೈದು ಶತಮಾನದ ನಂತರ ಅಂಗಡಿಯ ಗಲ್ಲೆಯ ಹಿಂದೆ ಮತ್ತೆ ಕಾಣಿಸಿಕೊಂಡಿತ್ತು.

ವಾದ, ಪ್ರತಿವಾದ

ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟದ ಲೆಕ್ಕದಂತೆ 2024ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳ ಮಾರಾಟ ಸುಮಾರು 99,400 ಕೋಟಿ ಡಾಲರ್. ಇದರಲ್ಲಿ ಹಬ್ಬಕ್ಕೆ ಸೇರದ ಖರೀದಿಯೂ ಇದೆ, ಆದರೂ ಋತುವಿನ ತೂಕ ಇದರಿಂದ ತಿಳಿಯುತ್ತದೆ. ಇಷ್ಟು ದೊಡ್ಡ ವಹಿವಾಟಿನ ಬಗ್ಗೆ ಮುಖ್ಯವಾಗಿ ನಾಲ್ಕು ನಿಲುವುಗಳಿವೆ.

ಮೊದಲನೆಯದು ಅರ್ಥಶಾಸ್ತ್ರಜ್ಞರದು. ಜೋಯಲ್ ವಾಲ್ಡ್‌ಫೋಗೆಲ್ 1993ರಲ್ಲಿ ವಿದ್ಯಾರ್ಥಿಗಳನ್ನು ವಿಚಾರಿಸಿ ಬರೆದ ಪ್ರಬಂಧದ ಪ್ರಕಾರ, ಪಡೆದವರು ಉಡುಗೊರೆಗೆ ಕಟ್ಟುವ ಬೆಲೆ ಕೊಟ್ಟವರು ತೆತ್ತ ಹಣಕ್ಕಿಂತ ಶೇ. 10ರಿಂದ ಮೂರನೇ ಒಂದರಷ್ಟು ಕಡಿಮೆ. ಅಷ್ಟು ಹಣ ಯಾರಿಗೂ ದಕ್ಕದೆ ಪೋಲು. ಈ ಲೆಕ್ಕ ಉಪಯುಕ್ತವಾದರೂ, ಕೊಡುವವರ ಪ್ರೀತಿಗೆ ಅದರಲ್ಲಿ ಕಾಲಮ್ಮು ಇಲ್ಲ.

ಎರಡನೆಯದು ಬೇರ್ಪಡಿಸುವವರ ನಿಲುವು. ಲೇಖಕ ಸಿ.ಎಸ್. ಲೂಯಿಸ್ 1957ರ ಕಿರುಲೇಖನವೊಂದರಲ್ಲಿ ಧಾರ್ಮಿಕ ಹಬ್ಬ, ಜನರ ಮೋಜಿನ ರಜೆ, ವ್ಯಾಪಾರಿಗಳ ದಂಧೆ ಎಂದು ಮೂರು ವಿಂಗಡಿಸಿ ಮೂರನೆಯದನ್ನು ಮಾತ್ರ ತಿರಸ್ಕರಿಸಿದರು. ವಿಂಗಡಣೆ ಕಾಗದದ ಮೇಲೆ ಸಲೀಸು, ಬದುಕಿನಲ್ಲಿ ಕಷ್ಟ. 1965ರ ಡಿಸೆಂಬರ್ 9ರಂದು ಅಮೆರಿಕದ ಟಿ.ವಿ.ಯಲ್ಲಿ ಬಂದ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ವ್ಯಾಪಾರೀಕರಣವನ್ನು ಟೀಕಿಸಿ, ಪುಟ್ಟ ಹುಡುಗನೊಬ್ಬನ ಬಾಯಲ್ಲಿ ಲೂಕನ ಸುವಾರ್ತೆಯನ್ನು ಹೇಳಿಸಿತು. ಆ ಕಾರ್ಯಕ್ರಮದ ಪ್ರಾಯೋಜಕರು ಕೋಕಾ-ಕೋಲಾ. ಅದರಿಂದ ಆ ಕೃತಿಯ ಪ್ರಾಮಾಣಿಕತೆ ಕುಂದುವುದಿಲ್ಲ. ಟೀಕೆಯೂ ಮಾರುಕಟ್ಟೆಯ ಒಳಗಿನಿಂದಲೇ ಬರಬೇಕಾದ ಸ್ಥಿತಿಯನ್ನು ಅದು ಬಯಲು ಮಾಡುತ್ತದೆ.

ಮೂರನೆಯದು ಜನಸಾಮಾನ್ಯ ಹಬ್ಬದ ಪರವಾದ ವಾದ. ಜಪಾನಿನಲ್ಲಿ ಕ್ರೈಸ್ತರು ಶೇಕಡ ಒಂದರ ಆಸುಪಾಸು. ಅಲ್ಲಿ 1974ರಲ್ಲಿ ಕೆ.ಎಫ್.ಸಿ. ನಡೆಸಿದ ಪ್ರಚಾರದ ಫಲವಾಗಿ ಕ್ರಿಸ್‌ಮಸ್ ಎಂದರೆ ಕರಿದ ಕೋಳಿ ಎಂಬ ರೂಢಿಯೇ ಬಿದ್ದಿದೆ. ಆ ಮನೆಗಳವರು ಯಾರ ನಂಬಿಕೆಯನ್ನೂ ಕದ್ದಿಲ್ಲ, ವರ್ಷದ ಕೊನೆಯಲ್ಲಿ ಒಟ್ಟಿಗೆ ಕೂತು ಉಣ್ಣುತ್ತಾರೆ. ಈ ಸಂತೋಷವನ್ನು ಹಳಿಯಲು ಕ್ರೈಸ್ತರಿಗೆ ಕಾರಣವಿಲ್ಲ. ಆದರೆ ಗೋದಲಿಯನ್ನು ನಂಬುವವರು ತಮ್ಮನ್ನು ಅಳೆದುಕೊಳ್ಳಬೇಕಾದ ಅಳತೆ ಬೇರೆ.

ನಾಲ್ಕನೆಯದು ಸುಧಾರಕರದು. 2006ರಲ್ಲಿ ಅಮೆರಿಕದ ಮೂವರು ಪಾಸ್ಟರುಗಳು ಆರಂಭಿಸಿದ ‘ಅಡ್ವೆಂಟ್ ಕಾನ್‌ಸ್ಪಿರಸಿ’ ಎಂಬ ಚಳವಳಿ, ಖರ್ಚು ತಗ್ಗಿಸಿ ಉಳಿದ ಹಣವನ್ನು ಕುಡಿಯುವ ನೀರಿಲ್ಲದ ಊರುಗಳಿಗೆ ಕೊಡಲು ಸಭೆಗಳನ್ನು ಪ್ರೇರೇಪಿಸಿತು. ಪೋಪ್ ಫ್ರಾನ್ಸಿಸ್ 2019ರ ಡಿಸೆಂಬರ್ ಒಂದರಂದು ಗ್ರೆಚ್ಚೊಗೇ ಹೋಗಿ, ಮನೆ, ಶಾಲೆ, ಆಸ್ಪತ್ರೆ, ಸೆರೆಮನೆಗಳಲ್ಲಿ ಗೋದಲಿ ಕಟ್ಟುವ ರೂಢಿಯನ್ನು ಉಳಿಸಿರೆಂದು ಪತ್ರ ಹೊರಡಿಸಿದರು. ಬಡವರನ್ನು ಹತ್ತಿರದಿಂದ ಕಾಣಲು ಅದು ಕಲಿಸುತ್ತದೆ ಎಂಬುದು ಅವರ ಕಾರಣ.

ಈ ನಾಲ್ಕರಲ್ಲಿ ನಾನು ನಿಲ್ಲುವುದು ಕೊನೆಯವರ ಜೊತೆ, ಒಂದು ತಿದ್ದುಪಡಿಯೊಂದಿಗೆ. ‘ವಸ್ತು ಬೇಡ, ಭಾವ ಸಾಕು’ ಎನ್ನುವ ಉಪದೇಶ ಕ್ರೈಸ್ತ ನಂಬಿಕೆಗೆ ಹೊಂದುವುದಿಲ್ಲ. ದೇವರು ರಕ್ತಮಾಂಸದ ದೇಹ ತೊಟ್ಟು, ಹುಲ್ಲಿನ ಮೇಲೆ ಮಲಗಿ, ಎದೆಹಾಲು ಕುಡಿದ ಎಂದು ಸಾರುವ ಹಬ್ಬ ಇದು. ಅನ್ನ, ಬಟ್ಟೆ, ದೀಪ, ಸಿಹಿತಿಂಡಿ ಇಲ್ಲಿ ಅಡ್ಡಿಯಲ್ಲ. ಅವು ಯಾರ ಕೈ ಸೇರುತ್ತವೆ, ಯಾರ ಬೆವರಿನಿಂದ ಬರುತ್ತವೆ ಎಂಬ ಎರಡು ಪ್ರಶ್ನೆಗಳನ್ನು ಕೇಳದಿರುವುದೇ ಅಡ್ಡಿ.

ಕರಾವಳಿಯ ತಟ್ಟೆ, ಬೆಂಗಳೂರಿನ ಮಾಲು

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87, ಅಂದರೆ ಸುಮಾರು ಹನ್ನೊಂದೂವರೆ ಲಕ್ಷ. ಕ್ರಿಸ್‌ಮಸ್ ಮಾರುಕಟ್ಟೆ ಮಾತ್ರ ಈ ಸಂಖ್ಯೆಗಿಂತ ಎಷ್ಟೋ ದೊಡ್ಡದು. ಬೆಂಗಳೂರಿನ ಮಾಲುಗಳಲ್ಲಿ ನವೆಂಬರ್ ಕೊನೆಗೇ ಮರ ಎದ್ದು ನಿಲ್ಲುತ್ತದೆ. ಹೋಟೆಲುಗಳಲ್ಲಿ ಒಣಹಣ್ಣಿಗೆ ಮದ್ಯ ಸುರಿದು ಕಲಸುವ ಕಾರ್ಯಕ್ರಮ ನಡೆಯುತ್ತದೆ. ಸಕ್ಕರೆಯಲ್ಲಿ ಕೋಟೆಕೊತ್ತಲ ಕಟ್ಟುವ ಕೇಕ್ ಪ್ರದರ್ಶನಕ್ಕೆ ಎಲ್ಲ ಧರ್ಮದವರೂ ಟಿಕೆಟ್ ಕೊಂಡು ಹೋಗುತ್ತಾರೆ. ಶಿವಾಜಿನಗರದ ಅಂಗಡಿ ಸಾಲುಗಳಲ್ಲಿ ನಕ್ಷತ್ರ, ಗೋದಲಿಯ ಬೊಂಬೆ ಮಾರುವವರಿಗೆ ಇದು ವರ್ಷದ ದುಡಿಮೆಯ ಕಾಲ. ಅವರಲ್ಲಿ ಅನೇಕರು ಕ್ರೈಸ್ತರಲ್ಲ. ಈ ವ್ಯಾಪಾರ ಕೆಟ್ಟದ್ದೆಂದು ಹೇಳುವವರು ಆ ಬೀದಿಬದಿಯ ದುಡಿಮೆಗಾರರ ಮುಖ ನೋಡಿ ಹೇಳಬೇಕಾಗುತ್ತದೆ.

ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಕುಸ್ವಾರ್ ಪದ್ಧತಿ ಕೊಡುವ ಕೈಯ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಮನೆಮಂದಿ ಒಟ್ಟಿಗೆ ಕೂತು ಕಿಡ್ಯೊ, ನೆವ್ರ್ಯೊ, ಗುಳಿಯೊ, ತುಕ್ಡಿ, ಚಕ್ಕುಲಿ ಮಾಡುತ್ತಾರೆ. ತಟ್ಟೆಯಲ್ಲಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಕಳಿಸುತ್ತಾರೆ. ಚೌತಿ, ದೀಪಾವಳಿ, ಈದ್‌ಗೆ ಆ ಮನೆಗಳಿಂದ ಇತ್ತ ತಿಂಡಿ ಬರುತ್ತದೆ. ಈಗ ಕುಸ್ವಾರ್ ಡಬ್ಬಿಗಳಲ್ಲಿ ಸಿದ್ಧವಾಗಿ ಸಿಗುತ್ತದೆ, ಕೊಲ್ಲಿ ದೇಶಗಳಲ್ಲಿರುವ ಮಕ್ಕಳಿಗೂ ರವಾನೆಯಾಗುತ್ತದೆ. ಮನೆಯಲ್ಲೇ ಮಾಡಿ ಮಾರುವ ಹೆಂಗಸರಿಗೆ ಇದರಿಂದ ನಾಲ್ಕು ಕಾಸು ಹುಟ್ಟುತ್ತದೆ, ಅದು ಒಳ್ಳೆಯದೇ. ಡಬ್ಬಿ ಕೊಂಡರೂ ತಟ್ಟೆ ನೆರೆಮನೆಗೆ ಹೋಗುತ್ತಿದ್ದರೆ ಪದ್ಧತಿ ಜೀವಂತವಾಗಿದೆ. ತಟ್ಟೆ ಮನೆಯ ಹೊಸ್ತಿಲು ದಾಟುವುದನ್ನು ನಿಲ್ಲಿಸಿದ ದಿನ, ಕೈಯಾರೆ ಮಾಡಿದ ಕುಸ್ವಾರ್ ಕೂಡ ಬರೀ ತಿಂಡಿ.

ಮರವಿಲ್ಲದ ಬೆತ್ಲೆಹೇಮ್

2023ರ ಡಿಸೆಂಬರ್‌ನಲ್ಲಿ ಬೆತ್ಲೆಹೇಮಿನಲ್ಲೇ ಕ್ರಿಸ್‌ಮಸ್ ಸಂಭ್ರಮ ನಡೆಯಲಿಲ್ಲ. ಗಾಜಾದಲ್ಲಿ ಯುದ್ಧ ನಡೆಯುತ್ತಿದ್ದುದರಿಂದ ಯೆರೂಸಲೇಮಿನ ಸಭೆಗಳ ಮುಖ್ಯಸ್ಥರು ಅಬ್ಬರದ ಆಚರಣೆ ಬೇಡವೆಂದರು. ಚೌಕದಲ್ಲಿ ಮರ ನಿಲ್ಲಲಿಲ್ಲ, ದೀಪ ಹತ್ತಲಿಲ್ಲ. ಅಲ್ಲಿನ ಲೂಥರನ್ ಚರ್ಚಿನ ಪಾಸ್ಟರ್ ಮುಂಥರ್ ಐಸಾಕ್ ಅವರ ಸಭೆ ಒಡೆದ ಕಾಂಕ್ರೀಟಿನ ರಾಶಿಯ ನಡುವೆ ಕೂಸಿನ ಬೊಂಬೆಯನ್ನಿಟ್ಟು ಗೋದಲಿ ಮಾಡಿತು. ಹೆರೋದನ ಕಾಲದ ಕಥೆ ಓದುವಾಗ ನಾವು ಬಿಟ್ಟುಬಿಡುವ ಭಾಗವನ್ನು ಆ ಗೋದಲಿ ಎದುರಿಗೆ ತಂದು ನಿಲ್ಲಿಸಿತು.

ಯಾವ ಅಲಂಕಾರವೂ ಇಲ್ಲದೆ ಹಬ್ಬದ ಅರ್ಥ ನಿಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅದೇ ಊರು ಇನ್ನೊಂದು ಪಾಠವನ್ನೂ ಹೇಳಿತು. ಬೆತ್ಲೆಹೇಮ್ ಬದುಕುವುದು ಯಾತ್ರಿಕರಿಂದ. ಆಲಿವ್ ಮರದಲ್ಲಿ ಗೋದಲಿ ಕೆತ್ತಿ ಮಾರುವ ಕುಟುಂಬಗಳು, ಹೋಟೆಲಿನವರು, ಟ್ಯಾಕ್ಸಿಯವರು ಕೆಲಸವಿಲ್ಲದೆ ಕೂತರು. ವ್ಯಾಪಾರವೇ ಇಲ್ಲದ ಕ್ರಿಸ್‌ಮಸ್ ದೂರದ ಉಪದೇಶಕನಿಗೆ ಪವಿತ್ರವಾಗಿ ಕಂಡೀತು, ಆ ಕೆತ್ತನೆಗಾರನ ಮನೆಯಲ್ಲಿ ಅದು ಹಸಿವು.

ಮಾಡಬಹುದಾದದ್ದು

ಇದು ಮನಃಪರಿವರ್ತನೆಯ ವಿಷಯ ಮಾತ್ರವಲ್ಲ, ಕಾನೂನಿಗೂ ಇಲ್ಲಿ ಪಾತ್ರವಿದೆ. ಬರ್ಲಿನ್ ನಗರ ಆಗಮನ ಕಾಲದ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಅನುಮತಿ ಕೊಟ್ಟಾಗ ಚರ್ಚುಗಳು ನ್ಯಾಯಾಲಯಕ್ಕೆ ಹೋದವು. ಆ ಅನುಮತಿ ವಿರಾಮದ ದಿನಕ್ಕೆ ಸಂವಿಧಾನ ಕೊಟ್ಟ ರಕ್ಷಣೆಗೆ ವಿರುದ್ಧವೆಂದು 2009ರ ಡಿಸೆಂಬರ್ ಒಂದರಂದು ಜರ್ಮನಿಯ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಕ್ರಿಸ್‌ಮಸ್ ದಿನ ತೆರೆಯುವುದನ್ನು 2004ರ ಕಾಯ್ದೆ ನಿಷೇಧಿಸಿತು. ಅದಕ್ಕಾಗಿ ದುಡಿದದ್ದು ಅಂಗಡಿ ನೌಕರರ ಸಂಘ. ಧರ್ಮವೂ ದುಡಿಮೆಗಾರರೂ ಒಂದೇ ಬದಿಯಲ್ಲಿ ನಿಂತಾಗ ಮಾರುಕಟ್ಟೆಗೆ ಮಿತಿ ಹಾಕಲು ಸಾಧ್ಯವೆಂಬುದನ್ನು ಈ ಎರಡೂ ತೋರಿಸುತ್ತವೆ. ಹಬ್ಬದ ರಾತ್ರಿ ಹತ್ತು ಗಂಟೆಗೆ ನಮ್ಮ ಬಾಗಿಲಿಗೆ ಕೇಕು ತಂದುಕೊಡುವ ಹುಡುಗನಿಗೆ ಅಂಥ ರಕ್ಷಣೆ ನಮ್ಮಲ್ಲಿಲ್ಲ. ಅದನ್ನು ಕೇಳುವುದು ಚರ್ಚುಗಳ ಕೆಲಸವೂ ಹೌದು.

ಸಭೆಗಳು ತಮ್ಮ ಖರ್ಚಿನ ಪಟ್ಟಿಯನ್ನು ತೆರೆದಿಟ್ಟು, ದೀಪಾಲಂಕಾರಕ್ಕೆ ಎಷ್ಟು, ಪಕ್ಕದ ಕಾಲೋನಿಯ ಮಕ್ಕಳ ಶಾಲಾ ಶುಲ್ಕಕ್ಕೆ ಎಷ್ಟು ಎಂದು ಓದಿ ಹೇಳಲಿ. ಕ್ಯಾರಲ್ ಹಾಡುತ್ತ ಮನೆಮನೆಗೆ ಹೋಗುವ ತಂಡಗಳು ಆಸ್ಪತ್ರೆಯ ವಾರ್ಡು, ವೃದ್ಧಾಶ್ರಮ, ಕಟ್ಟಡ ಕಾರ್ಮಿಕರ ಶೆಡ್ಡುಗಳಿಂದ ಹೊರಡಲಿ. ಅನೇಕ ಚರ್ಚುಗಳು ಇದನ್ನು ಈಗಲೇ ಮಾಡುತ್ತಿವೆ, ಮಾಡದವರು ಅವರಿಂದ ಕಲಿಯಬಹುದು. ಮನೆಗಳಲ್ಲಿ ಹೊಸಬಟ್ಟೆ, ಕೇಕು, ನಕ್ಷತ್ರ ಇರಲಿ. ಜೊತೆಗೆ ಡಿಸೆಂಬರಿನ ಲೆಕ್ಕದಲ್ಲಿ ಎರಡು ಸಾಲು ಬರೆಯೋಣ: ಮರಳಿ ಕೊಡಲಾರದವರಿಗೆ ಹೋದದ್ದೆಷ್ಟು, ಮರಳಿ ಕೊಡಬಲ್ಲವರಿಗೆ ಹೋದದ್ದೆಷ್ಟು. ಮೊದಲ ಸಾಲು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದ್ದರೆ ಅಂಗಡಿಯಲ್ಲಿ ಎಷ್ಟು ಹೊತ್ತು ಕಳೆದೆವೆಂಬ ಚಿಂತೆ ಬೇಕಿಲ್ಲ. ಅದು ಸೊನ್ನೆಯಾಗಿದ್ದರೆ, ನಡುರಾತ್ರಿಯ ಬಲಿಪೂಜೆಗೆ ಹೋಗಿ ಬಂದಿದ್ದರೂ ನಾವು ಆಚರಿಸಿದ ಹಬ್ಬಕ್ಕೆ ಬೆತ್ಲೆಹೇಮಿನ ಹೆಸರು ಸಲ್ಲುವುದಿಲ್ಲ.